ಡೆಫ್ ಬಂದ ತಕ್ಷಣ ಹೊಸಬರು ಯಾಕೆ ನಿಂತುಬಿಡ್ತಾರೆ: ಸ್ವಂತ ಫಂಕ್ಷನ್ ಬರೆಯೋದನ್ನ ಹೇಳಿಕೊಡೋ ಬಗ್ಗೆ

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೊಸದಾಗಿ ಕಲೀತಿರೋರನ್ನ ಸ್ವಲ್ಪ ಗಮನಿಸಿ ನೋಡಿ. ಪ್ರಿಂಟ್ ಬರುತ್ತೆ, ವೇರಿಯಬಲ್ ಬರುತ್ತೆ, ಇಫ್ ಎಲ್ಸ್ ಬರುತ್ತೆ, ಫಾರ್ ಲೂಪ್ ಒಂದಿಷ್ಟು ತಿಣುಕಾಡಿಸಿದ್ರೂ ಕೊನೆಗೆ ಬಂದೇ ಬರುತ್ತೆ, ಆಮೇಲೆ ಸ್ವಂತ ಫಂಕ್ಷನ್, ಅಂದ್ರೆ ಹೆಸರಿಟ್ಟು ಬೇಕಾದಾಗ ಕರೆಯೋ ಕೋಡಿನ ತುಣುಕು, ಬರೆಯೋಕೆ ಹಾಕೋ ಡೆಫ್ ಅನ್ನೋ ಪದ ಬಂದ ತಕ್ಷಣ ಅಲ್ಲಿವರೆಗೂ ಚುರುಕಾಗಿದ್ದ ಹುಡುಗ್ರೂ ಸುಮ್ಮನಾಗಿಬಿಡ್ತಾರೆ. ಸಿಂಟ್ಯಾಕ್ಸ್, ಅಂದ್ರೆ ಬರೆಯೋ ನಿಯಮ, ಕಷ್ಟ ಅಂತ ಅಂದ್ಕೋಬೇಡಿ, ಡೆಫ್, ಒಂದು ಹೆಸರು, ಬ್ರಾಕೆಟ್, ಕೋಲನ್, ಕೆಳಗೆ ನಾಲ್ಕು ಸ್ಪೇಸ್ ಬಿಟ್ಟು ಕೋಡ್, ಇಷ್ಟನ್ನ ಬಾಯಿಪಾಠ ಮಾಡೋದು ಐದು ನಿಮಿಷದ ಕೆಲಸ. ಕಷ್ಟ ಬೇರೆ ಕಡೆ ಇದೆ. ಅಲ್ಲಿವರೆಗೂ ಅವ್ರು ಬರೆದ ಪ್ರತಿ ಸಾಲೂ ಬರೆದ ಜಾಗದಲ್ಲೇ, ಓದಿದ ಹೊತ್ತಲ್ಲೇ ಓಡ್ತಿತ್ತು. ಲೂಪ್ ಕೂಡ ಅಲ್ಲೇ ಸುತ್ತಿ ಅಲ್ಲಿಂದಲೇ ಕೆಳಗೆ ಇಳೀತಿತ್ತು. ಫಂಕ್ಷನ್ ಬಂದಾಗ ಮೊದಲ ಸಲ ಬರೆದ ಕ್ರಮ ಒಂದು, ಓಡೋ ಕ್ರಮ ಇನ್ನೊಂದು ಆಗುತ್ತೆ. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಹೇಳೋರಿಗೆ ಅದು ಎಷ್ಟು ಅಭ್ಯಾಸ ಆಗಿಹೋಗಿರುತ್ತೆ ಅಂದ್ರೆ ಹೇಳ್ಬೇಕು ಅಂತಾನೇ ಹೊಳೆಯಲ್ಲ.

ನನ್ನ ಪ್ರಕಾರ ಹೊಸಬರಿಗೆ ಫಂಕ್ಷನ್ ವಿಷಯದಲ್ಲಿ ಬರೋ ತೊಂದರೆಗಳಲ್ಲಿ ಹೆಚ್ಚಿನವು, ಅಂದ್ರೆ ಬರೆದು ಕರೆಯೋದನ್ನ ಮರೆಯೋದು, ರಿಟರ್ನ್‌ಗೂ ಪ್ರಿಂಟ್‌ಗೂ ವ್ಯತ್ಯಾಸ ತಿಳೀದೇ ಇರೋದು, ಒಳಗಿನ ವೇರಿಯಬಲ್ ಹೊರಗೆ ಯಾಕೆ ಸಿಗಲ್ಲ ಅಂತ ಒದ್ದಾಡೋದು, ಎಲ್ಲಾನೂ ಇದೇ ಒಂದು ಬೇರಿಂದ ಹುಟ್ಟಿದ್ದು. ಹಾಗಾಗಿ ಮೊದಲು ಅದನ್ನೇ ಹಿಡ್ಕೊಳ್ಳೋಣ.

ಇಲ್ಲಿ ಬರೋ ಕೋಡ್ ಎಲ್ಲಾ ಪೈಥಾನ್ 3. ಓದೋಕೆ ಅನುಕೂಲ ಆಗ್ಲಿ ಅಂತ ಡೆಫ್, ರಿಟರ್ನ್, ಪ್ರಿಂಟ್, ಇಫ್, ರೌಂಡ್ ಇವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಕಂಪ್ಯೂಟರ್ ಮುಂದೆ ಕೂತಾಗ ಇವಿಷ್ಟನ್ನ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಉಳಿದ ಹೆಸರುಗಳು, ಅಂದ್ರೆ ನಾವೇ ಇಡೋ ಫಂಕ್ಷನ್ ಮತ್ತೆ ವೇರಿಯಬಲ್ ಹೆಸರುಗಳು, ಕನ್ನಡದಲ್ಲೇ ಇದ್ರೂ ಪೈಥಾನ್ ಒಪ್ಕೊಳ್ಳುತ್ತೆ, 2008ರಲ್ಲಿ ಬಂದ ಪೈಥಾನ್ 3.0 ಇಂದಾನೂ ಈ ಸೌಲಭ್ಯ ಇದೆ.

ಈ ಆರು ಸಾಲು ನೋಡಿ:

ಪ್ರಿಂಟ್("ಒಂದು")
ಡೆಫ್ ಹೇಳು():
    ಪ್ರಿಂಟ್("ಎರಡು")
ಪ್ರಿಂಟ್("ಮೂರು")
ಹೇಳು()
ಹೇಳು()

ಇದನ್ನ ಓಡಿಸೋಕೆ ಮುಂಚೆ ಕಲಿಯೋರ ಕೈಗೆ ಪೆನ್ನು ಪೇಪರ್ ಕೊಟ್ಟು, ಸ್ಕ್ರೀನ್ ಮೇಲೆ ಏನೇನು ಬರುತ್ತೆ, ಯಾವ ಕ್ರಮದಲ್ಲಿ ಬರುತ್ತೆ ಬರೀರಿ ಅನ್ನಿ. ತುಂಬಾ ಜನ ಒಂದು, ಎರಡು, ಮೂರು ಅಂತ ಶುರು ಮಾಡ್ತಾರೆ, ಆಮೇಲೆ ಕೆಳಗಿನ ಎರಡು ಸಾಲಿಗೆ ಏನು ಬರೀಬೇಕು ಅಂತ ಗೊತ್ತಾಗದೆ ಇನ್ನೆರಡು ಸಲ ಎರಡು ಅಂತ ಸೇರಿಸ್ತಾರೆ. ಸರಿಯಾದ ಉತ್ತರ ಒಂದು, ಮೂರು, ಎರಡು, ಎರಡು. ಈಗ ಓಡಿಸಿ ತೋರಿಸಿ. ತಾವು ಬರೆದಿದ್ದಕ್ಕೂ ಸ್ಕ್ರೀನ್ ಮೇಲೆ ಬಂದಿದ್ದಕ್ಕೂ ತಾಳೆ ಆಗದೇ ಇದ್ದಾಗ ಬರೋ ಪ್ರಶ್ನೆ ಇದ್ಯಲ್ಲ, ಅರ್ಧ ಗಂಟೆ ಲೆಕ್ಚರ್ ಕೊಟ್ರೂ ಅಂಥ ಪ್ರಶ್ನೆ ಹುಟ್ಟಲ್ಲ.

ಒಳಗೆ ಆಗೋದು ಇಷ್ಟು. ಪೈಥಾನ್ ಮೇಲಿಂದ ಓದ್ಕೊಂಡು ಬರುತ್ತೆ, ಡೆಫ್ ಕಂಡ ತಕ್ಷಣ ಕೆಳಗಿನ ಒಳ ಸಾಲುಗಳನ್ನ ಓಡಿಸಲ್ಲ, ಅವನ್ನೆಲ್ಲ ಒಟ್ಟಿಗೆ ಕಟ್ಟಿ ಇಟ್ಕೊಂಡು ಅದಕ್ಕೆ ಹೇಳು ಅಂತ ಹೆಸರು ಕೊಟ್ಟು ಮುಂದೆ ಹೋಗುತ್ತೆ. ಡೆಫ್ ಸಾಲಿನ ಕೆಲಸ ಅಲ್ಲಿಗೆ ಮುಗೀತು. ಆಮೇಲೆ ಎಲ್ಲೋ ಹೇಳು() ಅಂತ ಬ್ರಾಕೆಟ್ ಸಮೇತ ಕಂಡಾಗ, ಇದ್ದ ಜಾಗದಲ್ಲಿ ಒಂದು ಗುರುತು ಹಾಕಿ, ಕಟ್ಟಿಟ್ಟ ಸಾಲುಗಳಿಗೆ ಹೋಗಿ ಓಡಿಸಿ, ಮುಗಿದ ಮೇಲೆ ಗುರುತು ಹಾಕಿದ ಜಾಗಕ್ಕೇ ವಾಪಸ್ ಬರುತ್ತೆ. ಹೋಗೋದು, ಮಾಡೋದು, ಹೋದ ಜಾಗಕ್ಕೇ ಬರೋದು.

ಇದರಿಂದ ಎರಡು ವಿಷಯ ತಾನಾಗೇ ಗೊತ್ತಾಗುತ್ತೆ. ಡೆಫ್‌ಗಿಂತ ಮೇಲಿನ ಸಾಲಲ್ಲೇ ಹೇಳು() ಅಂತ ಕರೆದ್ರೆ ನೇಮ್‌ಎರರ್ ಬರುತ್ತೆ, ಯಾಕಂದ್ರೆ ಆ ಹೊತ್ತಿಗೆ ಆ ಹೆಸರೇ ಹುಟ್ಟಿಲ್ಲ. ಇನ್ನೊಂದು, ಫಂಕ್ಷನ್ ಒಳಗೆ ಯಾವುದೋ ವೇರಿಯಬಲ್ ಹೆಸರನ್ನ ತಪ್ಪಾಗಿ ಟೈಪ್ ಮಾಡಿದ್ರೂ ಅದನ್ನ ಕರೆಯೋವರೆಗೂ ಎರರ್ ಬರಲ್ಲ. ಕೋಲನ್ ಬಿಟ್ಟಿದ್ರೆ, ಬ್ರಾಕೆಟ್ ಮುಚ್ಚಿಲ್ಲ ಅಂದ್ರೆ ಪೈಥಾನ್ ಮೊದಲೇ ಹಿಡಿಯುತ್ತೆ, ಆದ್ರೆ ಇಲ್ಲದ ಹೆಸರು ಬಳಸಿದೀರಾ ಅನ್ನೋದು ಆ ಸಾಲು ಓಡಿದಾಗಲೇ ಗೊತ್ತಾಗೋದು. "ನಿನ್ನೆ ಸರಿಯಾಗಿ ಓಡ್ತಿತ್ತು ಸರ್, ಇವತ್ತು ಎರರ್" ಅಂತ ಬರೋರ ಪ್ರೋಗ್ರಾಮ್ ತೆಗೆದು ನೋಡಿದ್ರೆ ಎಷ್ಟೋ ಸಲ ನಿನ್ನೆ ಅವ್ರು ಆ ಫಂಕ್ಷನ್ ಕರೆದೇ ಇರಲ್ಲ.

ಬ್ರಾಕೆಟ್ ಇಲ್ಲದೆ ಬರೀ ಹೇಳು ಅಂತ ಬರೆದ್ರೆ? ಎರರ್ ಬರಲ್ಲ, ಏನೂ ಆಗಲ್ಲ. ಹೊಸಬರಿಗೆ ಇದೇ ದೊಡ್ಡ ತಲೆನೋವು, ಯಾಕಂದ್ರೆ ಕೆಂಪು ಅಕ್ಷರ ಬಂದ್ರಾದ್ರೂ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತೆ, ಸುಮ್ಮನೆ ಇದ್ರೆ ಎಲ್ಲಿ ಹುಡುಕೋದು. ಪ್ರಿಂಟ್(ಹೇಳು) ಅಂತ ಹಾಕಿ ತೋರಿಸಿ, ಫಂಕ್ಷನ್ ಅಂತ ಬರೆದು ಪಕ್ಕದಲ್ಲಿ ಒಂದು ಉದ್ದದ ಮೆಮೊರಿ ಅಡ್ರೆಸ್ ಬರುತ್ತೆ. ಹೆಸರು ಹೇಳಿದ್ರೆ ಆ ಕಟ್ಟಿಟ್ಟ ಗಂಟು ಸಿಗುತ್ತೆ, ಬ್ರಾಕೆಟ್ ಹಾಕಿದ್ರೇನೇ ಅದು ಓಡೋದು.

ಈ "ಹೋಗಿ ವಾಪಸ್ ಬರೋದು" ಪೈಥಾನ್‌ಗಿಂತ ಎಷ್ಟೋ ಹಳೇದು, ಮತ್ತೆ ಒಂದು ಕಾಲದಲ್ಲಿ ದೊಡ್ಡ ದೊಡ್ಡೋರೇ ಕೂತು ಬಿಡಿಸಬೇಕಾದ ಸಮಸ್ಯೆ ಆಗಿತ್ತು ಅನ್ನೋದನ್ನ ಕಲಿಯೋರಿಗೆ ಹೇಳಿದ್ರೆ ಅವ್ರಿಗೂ ಧೈರ್ಯ ಬರುತ್ತೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 1949ರ ಮೇ ತಿಂಗಳಲ್ಲಿ ಎಡ್‌ಸ್ಯಾಕ್ ಅನ್ನೋ ಕಂಪ್ಯೂಟರ್ ಮೊದಲ ಪ್ರೋಗ್ರಾಮ್ ಓಡಿಸ್ತು. ಪ್ರೋಗ್ರಾಮ್‌ಗಳೆಲ್ಲ ತೂತು ಹೊಡೆದ ಪೇಪರ್ ಟೇಪ್ ಮೇಲೆ. ಪದೇ ಪದೇ ಬೇಕಾಗೋ ಲೆಕ್ಕಗಳನ್ನ, ವರ್ಗಮೂಲ ತೆಗೆಯೋದು, ಅಂಕಿ ಪ್ರಿಂಟ್ ಮಾಡೋದು ಇಂಥವನ್ನ, ಪ್ರತಿಯೊಬ್ರೂ ಮತ್ತೆ ಬರೆಯೋದು ಬೇಡ ಅಂತ ಟೇಪಿನ ಒಂದು ಲೈಬ್ರರಿನೇ ಮಾಡಿಟ್ಟಿದ್ರು. ಆದ್ರೆ ಕಷ್ಟ ಏನು ಅಂದ್ರೆ ಆ ಮಷೀನ್‌ಗೆ ಕಾಲ್ ಮಾಡು, ರಿಟರ್ನ್ ಆಗು ಅನ್ನೋ ಆದೇಶಗಳೇ ಇರಲಿಲ್ಲ, ಬೇರೆ ಜಾಗಕ್ಕೆ ಜಿಗಿಯೋದು ಮಾತ್ರ ಬರ್ತಿತ್ತು, ಜಿಗಿದ ಮೇಲೆ ಎಲ್ಲಿಂದ ಬಂದೆ ಅನ್ನೋದು ನೆನಪಿರಲ್ಲ. ಅಲ್ಲಿನ ತಂಡದ ಡೇವಿಡ್ ವೀಲರ್ ಒಂದು ಉಪಾಯ ಹುಡುಕಿದ್ರು. ಜಿಗಿಯೋಕೆ ಮುಂಚೆ ತಾನಿರೋ ಜಾಗದ ಗುರುತನ್ನ ಅಕ್ಯುಮುಲೇಟರ್‌ಗೆ, ಅಂದ್ರೆ ಮಷೀನ್ ಲೆಕ್ಕ ಮಾಡೋವಾಗ ಬೆಲೆ ಇಟ್ಕೊಳ್ಳೋ ಜಾಗಕ್ಕೆ, ತುಂಬ್ಕೊಂಡು ಹೋಗೋದು, ಅಲ್ಲಿಗೆ ಹೋದ ಮೇಲೆ ಆ ತುಣುಕು ಪ್ರೋಗ್ರಾಮ್ ಮೊದಲ ಕೆಲಸವಾಗಿ ಆ ಗುರುತಿಂದ ವಾಪಸ್ ಜಿಗಿಯೋ ಆದೇಶವನ್ನ ತಾನೇ ತಯಾರು ಮಾಡಿ ತನ್ನ ಕೊನೇ ಸಾಲಿನ ಜಾಗದಲ್ಲಿ ಬರ್ಕೊಳ್ಳೋದು. ಅದಕ್ಕೆ ಇವತ್ತಿಗೂ ವೀಲರ್ ಜಂಪ್ ಅಂತಾನೇ ಹೆಸರು. ವಿಲ್ಕ್ಸ್, ವೀಲರ್, ಗಿಲ್ ಮೂರೂ ಜನ ಸೇರಿ 1951ರಲ್ಲಿ ಇದರ ಮೇಲೆ ಪುಸ್ತಕಾನೇ ತಂದ್ರು. ಮುಂದೆ ಐಬಿಎಂನ ಫೋರ್ಟ್ರಾನ್ ಅನ್ನೋ ಭಾಷೆ ಬಂತು 1957ರಲ್ಲಿ, ನಮ್ಮದೇ ಸಬ್‌ರೂಟೀನ್, ಅಂದ್ರೆ ಫಂಕ್ಷನ್ ತರದ ತುಣುಕು, ಬೇರೆಯಾಗಿ ಬರೆದು ಸೇರಿಸೋ ಸೌಲಭ್ಯ ಅದರ ಎರಡನೇ ಆವೃತ್ತಿಯಲ್ಲಿ, 1958ರಲ್ಲಿ ಬಂತು. ಇವತ್ತು ಪೈಥಾನ್ ಆ ಗುರುತುಗಳನ್ನ ಒಂದರ ಮೇಲೊಂದು ಜೋಡಿಸ್ಕೊಂಡು ಹೋಗುತ್ತೆ, ಅದನ್ನೇ ಕಾಲ್ ಸ್ಟ್ಯಾಕ್ ಅನ್ನೋದು, ಎರರ್ ಬಂದಾಗ ಸ್ಕ್ರೀನ್ ಮೇಲೆ ಸುರಿಯೋ ಆ ಉದ್ದದ ಟ್ರೇಸ್‌ಬ್ಯಾಕ್ ಇದ್ಯಲ್ಲ, ಅದೂ ಈ ಗುರುತುಗಳ ಪಟ್ಟಿನೇ. ಅದನ್ನ ಕೆಳಗಿಂದ ಮೇಲಕ್ಕೆ ಓದೋದನ್ನ ಈ ಹಂತದಲ್ಲೇ ಅಭ್ಯಾಸ ಮಾಡಿಸಿ, ಕೊನೇ ಸಾಲಲ್ಲಿ ಏನು ತಪ್ಪು ಅಂತ ಇರುತ್ತೆ, ಅದರ ಮೇಲೆ ಎಲ್ಲಿ ತಪ್ಪು, ಅದಕ್ಕೂ ಮೇಲೆ ಅಲ್ಲಿಗೆ ಯಾರು ಕಳಿಸಿದ್ದು.

ಸರಿ, ಈಗ ನಿಜವಾಗ್ಲೂ ಏನಾದ್ರೂ ಮಾಡೋ ಫಂಕ್ಷನ್ ಬರೆಯೋಣ. ಶೇಕಡಾವಾರು ಲೆಕ್ಕ ತಗೋತೀನಿ, ಎಸ್‌ಎಸ್‌ಎಲ್‌ಸಿ ಮುಗಿಸಿದ ಯಾರಿಗಾದ್ರೂ 625 ಅನ್ನೋ ನಂಬರ್ ಏನು ಅಂತ ವಿವರಿಸಬೇಕಾಗಿಲ್ಲ, ಮೊದಲ ಭಾಷೆ 125, ಉಳಿದ ಐದು ನೂರು ನೂರು. ಎಫ್ ಆಫ್ ಎಕ್ಸ್ ಈಕ್ವಲ್ಸ್ ಟು ಎಕ್ಸ್ ಸ್ಕ್ವೇರ್ ಅಂತ ಗಣಿತದಿಂದ ಶುರು ಮಾಡೋದು ನನಗೆ ಇಷ್ಟ ಆಗಲ್ಲ, ಗಣಿತ ಅಂದ್ರೆ ಹೆದರೋರು ಅಲ್ಲೇ ಬಾಗಿಲು ಹಾಕ್ಕೊಂಡುಬಿಡ್ತಾರೆ, ಮತ್ತೆ ಗಣಿತದ ಫಂಕ್ಷನ್ ಯಾವತ್ತೂ ಸ್ಕ್ರೀನ್ ಮೇಲೆ ಏನೂ ಬರೆಯಲ್ಲ, ಕೋಡಿನ ಫಂಕ್ಷನ್ ಬರೆಯುತ್ತೆ.

ಮೊದಲು ಫಂಕ್ಷನ್ ಇಲ್ಲದೆ ಮೂರು ಜನರ ಶೇಕಡಾ ಲೆಕ್ಕ ಮಾಡಿಸಿ. ಅದೇ ಸಾಲು ಮೂರು ಸಲ ಕಾಪಿ ಪೇಸ್ಟ್ ಮಾಡ್ತಾರೆ, ಮಾಡ್ಲಿ. ಆಮೇಲೆ ಇದೇ ಲೆಕ್ಕ ಪಿಯುಸಿಗೆ ಬೇಕು ಅನ್ನಿ, ಅಲ್ಲಿ ಒಟ್ಟು 600. ಮೂರೂ ಕಡೆ 625 ಹುಡುಕಿ ಬದಲಾಯಿಸ್ತಾರೆ, ಒಂದು ಕಡೆ ಬಿಟ್ಟೂ ಬಿಡ್ತಾರೆ. ಫಂಕ್ಷನ್ ಯಾಕೆ ಬೇಕು ಅನ್ನೋ ಪ್ರಶ್ನೆಗೆ ಅವ್ರಿಗೇ ಉತ್ತರ ಸಿಗೋವರೆಗೂ ಡೆಫ್ ತೋರಿಸೋಕೆ ಅವಸರ ಮಾಡಬೇಡಿ.

ಡೆಫ್ ಶೇಕಡಾ(ಅಂಕ, ಒಟ್ಟು):
    ರಿಟರ್ನ್ ಅಂಕ * 100 / ಒಟ್ಟು

ಪ್ರಿಂಟ್(ಶೇಕಡಾ(562, 625))
ಪ್ರಿಂಟ್(ಶೇಕಡಾ(540, 600))

ಓಡಿಸಿದ್ರೆ 89.92 ಮತ್ತೆ 90.0 ಬರುತ್ತೆ. ಬ್ರಾಕೆಟ್ ಒಳಗಿನ ಅಂಕ, ಒಟ್ಟು ಇವು ಪ್ಯಾರಾಮೀಟರ್‌ಗಳು, ಫಂಕ್ಷನ್ ಬರೆಯೋ ಹೊತ್ತಿಗೆ ಇವಕ್ಕೆ ಯಾವ ಬೆಲೆನೂ ಇಲ್ಲ, ಬರೀ ಖಾಲಿ ಹೆಸರು. ಕರೆಯೋವಾಗ ಕೊಡೋ 562, 625 ಇವು ಆರ್ಗ್ಯುಮೆಂಟ್‌ಗಳು. ಮೊದಲನೇದು ಮೊದಲನೇದಕ್ಕೆ, ಎರಡನೇದು ಎರಡನೇದಕ್ಕೆ ಹೋಗಿ ಕೂರುತ್ತೆ. ಒಂದನ್ನೇ ಕೊಟ್ರೆ ಪೈಥಾನ್ ಟೈಪ್‌ಎರರ್ ಕೊಟ್ಟು ಒಟ್ಟು ಅನ್ನೋ ಆರ್ಗ್ಯುಮೆಂಟ್ ಬಂದಿಲ್ಲ ಅಂತ ಹೆಸರು ಹಿಡಿದೇ ಹೇಳುತ್ತೆ. ಆದ್ರೆ ಅದಲು ಬದಲು ಮಾಡಿ ಶೇಕಡಾ(625, 562) ಅಂತ ಕೊಟ್ರೆ ಯಾವ ಎರರೂ ಇಲ್ಲದೆ 111 ಚಿಲ್ಲರೆ ಬರುತ್ತೆ. ಇದನ್ನ ಬೇಕಂತಲೇ ಮಾಡಿ ತೋರಿಸಿ, ಆಮೇಲೆ ಶೇಕಡಾ(ಒಟ್ಟು=625, ಅಂಕ=562) ಅಂತ ಹೆಸರು ಸಮೇತ ಕೊಟ್ರೆ ಕ್ರಮ ಹೇಗಿದ್ರೂ ನಡೆಯುತ್ತೆ ಅನ್ನೋದನ್ನೂ ತೋರಿಸಿ. ಡೆಫ್ ಸಾಲಲ್ಲಿ ಒಟ್ಟು=625 ಅಂತ ಬರೆದುಬಿಟ್ರೆ ಕೊಡದೇ ಇದ್ದಾಗ 625 ಅಂತ ತಗೊಳ್ಳುತ್ತೆ, ಪಿಯುಸಿಯವ್ರಿಗೆ ಮಾತ್ರ 600 ಕೊಟ್ರೆ ಸಾಕು.

ಪ್ಯಾರಾಮೀಟರ್, ಆರ್ಗ್ಯುಮೆಂಟ್ ಇವೆರಡರ ವ್ಯಾಖ್ಯಾನ ಬಾಯಿಪಾಠ ಮಾಡಿಸೋದಕ್ಕೆ ಪರೀಕ್ಷೆ ಬಿಟ್ಟು ಬೇರೆ ಕಾರಣ ಕಾಣಲ್ಲ. ಎನ್‌ಸಿಇಆರ್‌ಟಿಯ 11ನೇ ಕ್ಲಾಸಿನ ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲಿ ಫಂಕ್ಷನ್‌ಗೇ ಅಂತ ಒಂದು ಇಡೀ ಅಧ್ಯಾಯ ಇದೆ, ಮಕ್ಕಳು ಅದನ್ನ ಓದಿಯೇ ಓದ್ತಾರೆ. ಹೇಳಿಕೊಡೋರು ಸಮಯ ಕೊಡಬೇಕಾಗಿರೋದು ಮುಂದಿನ ವಿಷಯಕ್ಕೆ, ಯಾಕಂದ್ರೆ ಅತಿ ಹೆಚ್ಚು ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ.

ಅದು ರಿಟರ್ನ್. ಮೇಲಿನ ಫಂಕ್ಷನ್‌ನ ಹೊಸಬರು ಸಾಮಾನ್ಯವಾಗಿ ಹೀಗೆ ಬರೀತಾರೆ:

ಡೆಫ್ ಶೇಕಡಾ(ಅಂಕ, ಒಟ್ಟು):
    ಪ್ರಿಂಟ್(ಅಂಕ * 100 / ಒಟ್ಟು)

ಶೇಕಡಾ(562, 625)

ಓಡಿಸಿದ್ರೆ 89.92 ಸ್ಕ್ರೀನ್ ಮೇಲೆ ಬಂದೇ ಬರುತ್ತೆ. ಉತ್ತರ ಬಂತಲ್ಲ, ಮತ್ತೆ ರಿಟರ್ನ್ ಯಾಕೆ ಬೇಕು ಅಂತ ಕೇಳ್ತಾರೆ, ಕೇಳೋದು ನ್ಯಾಯವಾಗೇ ಇದೆ. ಅವ್ರ ಕಣ್ಣಿಗೆ ಎರಡರ ಫಲಿತಾಂಶನೂ ಒಂದೇ ತರ ಕಾಣ್ತಿದೆ. ಒಂದೊಂದೇ ಸಾಲು ಟೈಪ್ ಮಾಡಿ ಅಲ್ಲೇ ಓಡಿಸೋ ಪೈಥಾನ್ ಶೆಲ್‌ನಲ್ಲಿ ಕಲಿಯೋರಿಗಂತೂ ಇನ್ನೂ ಕಷ್ಟ, ಅಲ್ಲಿ ರಿಟರ್ನ್ ಆದ ಬೆಲೆನೂ ತಾನಾಗೇ ಸ್ಕ್ರೀನ್ ಮೇಲೆ ಬರೋದ್ರಿಂದ ವ್ಯತ್ಯಾಸ ಗೊತ್ತಾಗೋ ದಾರಿನೇ ಇರಲ್ಲ. ಹಾಗಾಗಿ ಫಂಕ್ಷನ್ ಕಲಿಸೋವಾಗ ಶೆಲ್ ಬಿಟ್ಟು ಫೈಲಿನಲ್ಲೇ ಬರೆಸಿ ಓಡಿಸೋದು ಒಳ್ಳೇದು.

ವ್ಯತ್ಯಾಸ ಯಾವಾಗ ಕಾಣುತ್ತೆ ಅಂದ್ರೆ ಆ ಉತ್ತರವನ್ನ ಇನ್ನೊಂದು ಕಡೆ ಬಳಸೋಕೆ ಹೋದಾಗ. ಇಬ್ಬರ ಶೇಕಡಾದ ಸರಾಸರಿ ಬೇಕು ಅನ್ನಿ:

ಸರಾಸರಿ = (ಶೇಕಡಾ(562, 625) + ಶೇಕಡಾ(500, 625)) / 2

ಪ್ರಿಂಟ್ ಹಾಕಿದ ಫಂಕ್ಷನ್ ಇಟ್ಕೊಂಡು ಇದನ್ನ ಓಡಿಸಿದ್ರೆ ಸ್ಕ್ರೀನ್ ಮೇಲೆ 89.92, 80.0 ಎರಡೂ ಬಂದು, ಅದರ ಕೆಳಗೇ ಟೈಪ್‌ಎರರ್, ನನ್‌ಟೈಪ್ ಮತ್ತೆ ನನ್‌ಟೈಪ್ ಕೂಡಿಸೋಕೆ ಆಗಲ್ಲ ಅಂತ. ಉತ್ತರ ಕಣ್ಣೆದುರಿಗೇ ಇದೆ, ಆದ್ರೂ ಕೂಡಿಸೋಕೆ ಆಗಲ್ಲ ಅಂತಿದೆ. ಈ ಎರಡು ಒಂದೇ ಸ್ಕ್ರೀನ್ ಮೇಲೆ ಒಟ್ಟಿಗೆ ಕಾಣೋ ಹಾಗೆ ಮಾಡೋದೇ ಈ ಪಾಠದ ಜೀವಾಳ. ಪ್ರಿಂಟ್ ಅನ್ನೋದು ಮನುಷ್ಯರ ಕಣ್ಣಿಗೆ ತೋರಿಸೋಕೆ ಇರೋದು, ರಿಟರ್ನ್ ಅನ್ನೋದು ಕರೆದ ಜಾಗಕ್ಕೆ ಬೆಲೆಯನ್ನ ವಾಪಸ್ ಕಳಿಸೋಕೆ. ಪೈಥಾನ್ ಗುರುತು ಹಾಕಿದ ಜಾಗಕ್ಕೆ ವಾಪಸ್ ಬರುತ್ತೆ ಅಂದ್ವಲ್ಲ, ಬರೋವಾಗ ಕೈಯಲ್ಲಿ ಏನು ಹಿಡ್ಕೊಂಡು ಬರಬೇಕು ಅಂತ ಹೇಳೋದೇ ರಿಟರ್ನ್. ಹೇಳಿಲ್ಲ ಅಂದ್ರೆ ಬರಿಗೈಲಿ ಬರುತ್ತೆ, ಆ ಬರಿಗೈಗೆ ಪೈಥಾನ್ ಇಟ್ಟಿರೋ ಹೆಸರೇ ನನ್.

ಇದನ್ನ ಪೇಪರ್ ಮೇಲೆ ಹೇಳಿಕೊಡೋಕೆ ಒಂದು ವಿಧಾನ ಇದೆ, ನನಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ಇನ್ನೊಂದು ಸಿಕ್ಕಿಲ್ಲ. ಸರಾಸರಿ ಸಾಲನ್ನ ದೊಡ್ಡದಾಗಿ ಬರೆಸಿ. ಮೊದಲ ಕರೆ ಓಡಿದ ಮೇಲೆ ಶೇಕಡಾ(562, 625) ಅನ್ನೋದನ್ನ ಹೊಡೆದು ಹಾಕಿ ಅದರ ಮೇಲೆ ವಾಪಸ್ ಬಂದ ಬೆಲೆ ಬರೀರಿ, 89.92. ಎರಡನೇದನ್ನ ಹೊಡೆದು 80.0 ಬರೀರಿ. ಈಗ ಉಳಿದಿದ್ದು ಮಾಮೂಲಿ ಲೆಕ್ಕ, 84.96. ಪ್ರಿಂಟ್ ಹಾಕಿದ ಫಂಕ್ಷನ್ ಆದ್ರೆ ಹೊಡೆದು ಹಾಕಿದ ಜಾಗದಲ್ಲಿ ನನ್ ಅಂತ ಬರೀಬೇಕು, ನನ್ ಕೂಡಿಸು ನನ್, ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಅವ್ರಿಗೇ ಕಾಣುತ್ತೆ. ಎಲ್ಲಿ ಕರೆ ಇದ್ಯೋ ಅಲ್ಲಿ ಬೆಲೆ ಬಂದು ಕೂರುತ್ತೆ ಅನ್ನೋದು ಕೈಗೆ ಬಂದ್ರೆ ಒಂದರೊಳಗೊಂದು ಕರೆಗಳು, ಪ್ರಿಂಟ್(ರೌಂಡ್(ಶೇಕಡಾ(562, 625), 1)) ಅಂಥವು, ಯಾವುವೂ ಹೆದರಿಸಲ್ಲ, ಒಳಗಿಂದ ಹೊರಗೆ ಒಂದೊಂದಾಗಿ ಹೊಡೆದು ಹಾಕ್ತಾ ಬಂದ್ರಾಯ್ತು.

ಇದೇ ಕೆಲಸಕ್ಕೆ ಪೈಥಾನ್ ಟ್ಯೂಟರ್ ಅಂತ ಒಂದು ಉಚಿತ ಸೈಟ್ ಇದೆ, ಫಿಲಿಪ್ ಗುವೊ ಅವ್ರು 2010ರಲ್ಲಿ ಶುರು ಮಾಡಿದ್ದು. ಕೋಡ್ ಪೇಸ್ಟ್ ಮಾಡಿದ್ರೆ ಒಂದೊಂದೇ ಸಾಲು ಓಡಿಸ್ತಾ, ಫಂಕ್ಷನ್ ಕರೆದಾಗ ಅದಕ್ಕೆ ಅಂತ ಹೊಸ ಡಬ್ಬ ತೆರೆದು, ಒಳಗಿನ ವೇರಿಯಬಲ್‌ಗಳನ್ನ ಅದರಲ್ಲಿ ತೋರಿಸಿ, ರಿಟರ್ನ್ ಆದ ಬೆಲೆಯನ್ನೂ ತೋರಿಸುತ್ತೆ. ಮೊದಲು ಪೇಪರ್, ಆಮೇಲೆ ಸೈಟ್. ಮೊದಲೇ ಸೈಟ್ ತೋರಿಸಿದ್ರೆ ನೆಕ್ಸ್ಟ್ ಬಟನ್ ಒತ್ತುತ್ತಾ ಕೂರ್ತಾರೆ, ತಲೆ ಓಡಿಸಲ್ಲ.

ಫಂಕ್ಷನ್ ಅಂದ್ರೆ ಮಿಕ್ಸಿ ಇದ್ದ ಹಾಗೆ, ಕಾಯಿ ಮೆಣಸಿನಕಾಯಿ ಹಾಕಿದ್ರೆ ಚಟ್ನಿ ಬರುತ್ತೆ ಅನ್ನೋ ಉದಾಹರಣೆ ನಮ್ಮ ಕಡೆ ತುಂಬಾ ಓಡುತ್ತೆ. ಒಳಗೆ ಏನೋ ಹೋಗುತ್ತೆ, ಹೊರಗೆ ಏನೋ ಬರುತ್ತೆ ಅನ್ನೋ ಮಟ್ಟಿಗೆ ಪರವಾಗಿಲ್ಲ. ಆದ್ರೆ ಮಿಕ್ಸಿಗೆ ಹಾಕಿದ ಕಾಯಿ ಆಮೇಲೆ ಕಾಯಾಗಿ ಉಳಿಯಲ್ಲ, ಅದನ್ನೇ ಮನಸ್ಸಲ್ಲಿ ಇಟ್ಕೊಂಡ ಹುಡುಗ್ರು ನನ್ನಅಂಕ = 562 ಅಂತ ಇಟ್ಟು, ಕೆಳಗೆ ಶೇಕಡಾ(ನನ್ನಅಂಕ, 625) ಅಂತ ಒಂದು ಸಾಲು ಬರೆದು, ಅದರ ಕೆಳಗೆ ಪ್ರಿಂಟ್(ನನ್ನಅಂಕ) ಹಾಕಿ, ಯಾಕೆ ಇನ್ನೂ 562 ಅಂತಾನೇ ಬರ್ತಿದೆ ಅಂತ ಕೇಳ್ತಾರೆ. ಫಂಕ್ಷನ್ ಆ ನಂಬರ್ ಬಳಸ್ಕೊಂಡು ಹೊಸದೊಂದು ಬೆಲೆ ಕಳಿಸ್ತು, ಅದನ್ನ ಹಿಡ್ಕೊಳ್ಳೋಕೆ ಎಡಗಡೆ ಯಾರೂ ಇರಲಿಲ್ಲ, ಹಾಗಾಗಿ ಅದು ಹೋಯ್ತು. ನನ್ನಶೇಕಡಾ = ಶೇಕಡಾ(ನನ್ನಅಂಕ, 625) ಅಂತ ಹಿಡ್ಕೋಬೇಕು. ಮಿಕ್ಸಿ ಬಳಸ್ಲೇಬೇಕು ಅಂದ್ರೆ ಬಳಸಿ, ಈ ಒಂದು ವ್ಯತ್ಯಾಸ ಮಾತ್ರ ಬಿಡಿಸಿ ಹೇಳಿ.

ಒಳಗಿನ ಹೆಸರು ಹೊರಗೆ ಸಿಗಲ್ಲ ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ಪ್ರತಿ ಸಲ ಕರೆದಾಗಲೂ ಫಂಕ್ಷನ್‌ಗೆ ಒಂದು ಹೊಸ ಖಾಲಿ ಜಾಗ ಸಿಗುತ್ತೆ, ಅಂಕ, ಒಟ್ಟು ಇವೆಲ್ಲ ಅಲ್ಲಿ ಇರ್ತವೆ, ವಾಪಸ್ ಬಂದ ತಕ್ಷಣ ಆ ಜಾಗ ಅಳಿಸಿಹೋಗುತ್ತೆ. ಹೊರಗೆ ಬಂದು ಪ್ರಿಂಟ್(ಒಟ್ಟು) ಅಂದ್ರೆ ನೇಮ್‌ಎರರ್. ಇದು ತೊಂದರೆ ಅಂತ ಅನ್ನಿಸಬಹುದು, ಆದ್ರೆ ಇದೇ ದೊಡ್ಡ ಅನುಕೂಲ, ನಿಮ್ಮ ಫಂಕ್ಷನ್ ಒಳಗೆ ಅಂಕ ಅಂತ ಇಟ್ಟಿದೀರಿ, ಬೇರೆಯವ್ರು ಬರೆದ ಇನ್ನೊಂದರಲ್ಲೂ ಅಂಕ ಅಂತ ಇದೆ, ಒಂದಕ್ಕೊಂದು ತಾಗಲ್ಲ. ಹೊಸಬರಿಗೆ ಹೇಳಿಕೊಡೋವಾಗ ಮೊದಲ ಕೆಲವು ದಿನ ಹೊರಗಿನ ವೇರಿಯಬಲ್‌ಗೂ ಪ್ಯಾರಾಮೀಟರ್‌ಗೂ ಒಂದೇ ಹೆಸರು ಇಡಬೇಡಿ, ನನ್ನಅಂಕ ಹೊರಗೆ, ಅಂಕ ಒಳಗೆ, ಹೀಗೆ ಬೇರೆ ಬೇರೆ ಇರ್ಲಿ. ಫಂಕ್ಷನ್ ಒಳಗಿಂದಲೇ ಹೊರಗಿನ ವೇರಿಯಬಲ್ ಬದಲಾಯಿಸೋಕೆ ಬಿಡೋ ಗ್ಲೋಬಲ್ ಅನ್ನೋ ಕೀವರ್ಡ್ ಬಗ್ಗೆ ಈ ಹಂತದಲ್ಲಿ ಬಾಯೇ ಬಿಡಬೇಡಿ, ಅದು ಸಿಕ್ಕಿತು ಅಂದ್ರೆ ರಿಟರ್ನ್ ಕಲಿಯೋ ಅಗತ್ಯನೇ ಇಲ್ಲ ಅಂತ ಅಂದ್ಕೊಂಡುಬಿಡ್ತಾರೆ.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಹೆಸರು ಇಡೋವಾಗ ನಡುವೆ ಅರ್ಧಾಕ್ಷರ ಬಿಡಿಸಿ ತೋರಿಸೋಕೆ ಅಂತ ನಾವು ಕೀಬೋರ್ಡ್‌ನಲ್ಲಿ ಹಾಕೋ ಕಣ್ಣಿಗೆ ಕಾಣದ ಅಕ್ಷರ ಒಂದಿದೆಯಲ್ಲ, ರಾಜ್‌ಕುಮಾರ್ ಅಂತ ಬರೆಯೋವಾಗ ಜ್ ಮತ್ತೆ ಕು ಅಂಟಿಕೊಳ್ಳದ ಹಾಗೆ ಹಾಕ್ತೀವಲ್ಲ, ಅದು ಬಂದ್ರೆ ಪೈಥಾನ್ ಒಪ್ಪಲ್ಲ, ಕಾಣದ ಅಕ್ಷರ ಇದೆ ಅಂತ ಸಿಂಟ್ಯಾಕ್ಸ್‌ಎರರ್ ಕೊಡುತ್ತೆ. ಶೇಕಡಾ, ದರ್ಜೆ, ಒಟ್ಟು ಇಂಥ ಹೆಸರುಗಳಿಗೆ ಏನೂ ತೊಂದರೆ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಹೆಸರುಗಳೆಲ್ಲ ಇಂಗ್ಲಿಷಲ್ಲೇ ಇರಬೇಕಾಗುತ್ತೆ ನಿಜ, ಆದ್ರೆ ಕಲಿಯೋ ಹೊತ್ತಲ್ಲಿ ಕನ್ನಡ ಹೆಸರಿಂದ ಒಂದು ಲಾಭ ಇದೆ. ಯಾವುದು ಪೈಥಾನ್ ಪದ, ಯಾವುದು ನಾವು ಇಟ್ಟ ಪದ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಎಲ್ಲಾ ಇಂಗ್ಲಿಷಲ್ಲೇ ಇದ್ದಾಗ ಹೊಸಬರಿಗೆ ಯಾವುದನ್ನ ಬದಲಾಯಿಸಬಹುದು, ಯಾವುದನ್ನ ಮುಟ್ಟಬಾರದು ಅನ್ನೋದೇ ತಿಳಿಯಲ್ಲ.

ಚಿಕ್ಕ ಮಕ್ಕಳಿಗೆ ಆದ್ರೆ ಶೇಕಡಾ ಲೆಕ್ಕ ಬಿಟ್ಟು ಆಮೆಯಿಂದ, ಅಂದ್ರೆ ನಾವು ಹೇಳಿದ ಹಾಗೆ ಸ್ಕ್ರೀನ್ ಮೇಲೆ ಓಡಾಡಿ ಗೆರೆ ಎಳೆಯೋ ಗೊಂಬೆಯಿಂದ, ಶುರು ಮಾಡಬಹುದು. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೀಮೊರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್‌ಝೈಗ್ ಇವ್ರೆಲ್ಲ ಸೇರಿ ಮಕ್ಕಳಿಗೋಸ್ಕರಾನೇ ಲೋಗೋ ಅನ್ನೋ ಭಾಷೆ ಮಾಡಿದ್ರು. ಅದರಲ್ಲಿ ಮಗು ಚೌಕ ಅಂತ ಟೈಪ್ ಮಾಡಿದ್ರೆ ಲೋಗೋ ನನಗೆ ಚೌಕ ಹೇಗೆ ಅಂತ ಗೊತ್ತಿಲ್ಲ ಅಂತ ಉತ್ತರ ಕೊಡುತ್ತೆ. ಆಗ ಮಗು ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಡಿಗ್ರಿ ಬಲಕ್ಕೆ ತಿರುಗು, ಇದನ್ನ ನಾಲ್ಕು ಸಲ ಮಾಡು ಅಂತ ಹೇಳಿಕೊಡುತ್ತೆ, ಮತ್ತೆ ಚೌಕ ಅಂದ್ರೆ ಆಮೆ ಚೌಕ ಬರೆಯುತ್ತೆ. ಫಂಕ್ಷನ್ ಬರೆಯೋದು ಅಂದ್ರೆ ಕಂಪ್ಯೂಟರ್‌ಗೆ ಗೊತ್ತಿಲ್ಲದ ಕೆಲಸವನ್ನ ನಾವು ಕಲಿಸೋದು ಅನ್ನೋ ಭಾವನೆ ಇಷ್ಟು ಸುಲಭವಾಗಿ ಬರೋದು ಬೇರೆ ಎಲ್ಲೂ ನಾನು ನೋಡಿಲ್ಲ. ಅದೇ ಆಮೆ ಈಗ ಪೈಥಾನ್ ಜೊತೇಲೇ ಟರ್ಟಲ್ ಅನ್ನೋ ಮಾಡ್ಯೂಲ್ ಆಗಿ ಬರುತ್ತೆ. ಚೌಕ ಆದ ಮೇಲೆ ತ್ರಿಕೋನ ಬರೆಸಿ, ತಿರುಗೋ ಕೋನ 120. ಆರು ಬಾಹು ಆದ್ರೆ 60. ಪೂರ್ತಿ ಒಂದು ಸುತ್ತು 360, ಅದನ್ನ ಬಾಹುಗಳ ಸಂಖ್ಯೆಯಿಂದ ಭಾಗಿಸಿದ್ರೆ ಆಯ್ತು ಅಂತ ಮಕ್ಕಳೇ ಕಂಡ್ಕೊಳ್ತಾರೆ, ಆಗ ಬಹುಭುಜ(ಬಾಹು, ಉದ್ದ) ಅನ್ನೋ ಒಂದೇ ಫಂಕ್ಷನ್ ಎಲ್ಲಾ ಆಕಾರನೂ ಬರೆಯುತ್ತೆ, ಪ್ಯಾರಾಮೀಟರ್ ಯಾಕೆ ಬೇಕು ಅಂತ ಬೇರೆ ಹೇಳಬೇಕಾಗೇ ಇಲ್ಲ. ಒಂದೇ ಎಚ್ಚರ, ಆಮೆ ಫಂಕ್ಷನ್‌ಗಳು ಚಿತ್ರ ಬರೆಯೋ ಕೆಲಸ ಮಾಡ್ತವೆ, ಬೆಲೆ ಏನೂ ವಾಪಸ್ ಕೊಡಲ್ಲ. ಬರೀ ಅದರಲ್ಲೇ ಇದ್ರೆ ರಿಟರ್ನ್ ಕಲಿಯೋದು ಉಳಿದುಹೋಗುತ್ತೆ.

ಇನ್ನು ಒಂದು ಫಂಕ್ಷನ್ ಎಷ್ಟು ಕೆಲಸ ಮಾಡಬೇಕು ಅನ್ನೋದು. ಒಂದು ಫಂಕ್ಷನ್ ಒಂದೇ ಕೆಲಸ ಮಾಡ್ಲಿ ಅಂತ ಎಲ್ರೂ ಹೇಳ್ತಾರೆ, ಯಾಕೆ ಅಂತ ತೋರಿಸೋಕೆ ಈ ಉದಾಹರಣೆ ತುಂಬಾ ಚೆನ್ನಾಗಿದೆ. 85 ಮತ್ತೆ ಅದಕ್ಕಿಂತ ಮೇಲೆ ಡಿಸ್ಟಿಂಕ್ಷನ್, 60 ಮತ್ತೆ ಮೇಲೆ ಫಸ್ಟ್ ಕ್ಲಾಸ್, ಉಳಿದದ್ದು ಇತರೆ ಅಂತ ಇಟ್ಕೊಳ್ಳೋಣ:

ಡೆಫ್ ದರ್ಜೆ(ಶೇ):
    ಇಫ್ ಶೇ >= 85:
        ರಿಟರ್ನ್ "ಡಿಸ್ಟಿಂಕ್ಷನ್"
    ಇಫ್ ಶೇ >= 60:
        ರಿಟರ್ನ್ "ಫಸ್ಟ್ ಕ್ಲಾಸ್"
    ರಿಟರ್ನ್ "ಇತರೆ"

ಇಲ್ಲಿ ಎಲ್ಸ್ ಇಲ್ಲ ಗಮನಿಸಿ, ರಿಟರ್ನ್ ಸಿಕ್ಕಿದ ಕ್ಷಣವೇ ಫಂಕ್ಷನ್ ಮುಗಿದು ವಾಪಸ್ ಹೋಗುತ್ತೆ, ಕೆಳಗಿನ ಸಾಲುಗಳನ್ನ ನೋಡೋದೇ ಇಲ್ಲ. ಕೊನೇ ಸಾಲು ಬಿಟ್ಟಿದ್ರೆ 55 ತಗೊಂಡವ್ರಿಗೆ ನನ್ ಅಂತ ಬರ್ತಿತ್ತು.

ಈಗ ಯಾರೋ ಶೇಕಡಾ ಫಂಕ್ಷನ್ ಒಳಗೇ ರೌಂಡ್ ಹಾಕಿ, ಪೂರ್ಣ ಸಂಖ್ಯೆ ಮಾಡಿ ರಿಟರ್ನ್ ಮಾಡಿದ್ರು ಅಂತ ಇಟ್ಕೊಳ್ಳಿ, ನೋಡೋಕೆ ನೀಟಾಗಿರುತ್ತೆ ಅಂತ. 531 ಅಂಕ ತಗೊಂಡವ್ರಿಗೆ ಏನಾಗುತ್ತೆ ನೋಡಿ. 531ನ್ನ ನೂರರಿಂದ ಗುಣಿಸಿ 625ರಿಂದ ಭಾಗಿಸಿದ್ರೆ 84.96. ರೌಂಡ್ ಮಾಡದೆ ದರ್ಜೆಗೆ ಕೊಟ್ರೆ ಫಸ್ಟ್ ಕ್ಲಾಸ್. ರೌಂಡ್ ಮಾಡಿ ಕೊಟ್ರೆ 85, ಡಿಸ್ಟಿಂಕ್ಷನ್. ಒಂದೇ ಅಂಕ, ಒಂದೇ ದರ್ಜೆ ಫಂಕ್ಷನ್, ಎರಡು ಬೇರೆ ಬೇರೆ ಫಲಿತಾಂಶ, ಅದೂ ಯಾರೋ ನೋಡೋಕೆ ಚೆನ್ನಾಗಿರ್ಲಿ ಅಂತ ಹಾಕಿದ ಒಂದು ರೌಂಡ್‌ನಿಂದ. ಇದರಲ್ಲಿ ಯಾವುದು ಸರಿ ಅನ್ನೋದು ಬೋರ್ಡಿನ ನಿಯಮಕ್ಕೆ ಬಿಟ್ಟಿದ್ದು, ಪ್ರೋಗ್ರಾಮ್ ಬರೆಯೋರು ಗೊತ್ತಿಲ್ಲದೇನೇ ಅದನ್ನ ತೀರ್ಮಾನ ಮಾಡಬಾರದು ಅಷ್ಟೇ. ಲೆಕ್ಕ ಮಾಡೋದು ಒಂದು ಫಂಕ್ಷನ್, ದರ್ಜೆ ಹೇಳೋದು ಇನ್ನೊಂದು, ನೀಟಾಗಿ ತೋರಿಸೋದು ಮೂರನೇದು, ರೌಂಡ್ ಆ ಮೂರನೇದರಲ್ಲಿ. ಹೀಗೆ ಬೇರೆ ಮಾಡಿಟ್ರೆ 531, 532, 375, 374 ಇಂಥ ಗಡಿಯ ಅಂಕಗಳನ್ನ ಕೊಟ್ಟು ಒಂದೊಂದು ಫಂಕ್ಷನ್‌ನೂ ಬೇರೆ ಬೇರೆ ಪರೀಕ್ಷೆ ಮಾಡಬಹುದು, ಎಲ್ಲಾ ಒಂದರಲ್ಲೇ ತುರುಕಿದ್ರೆ ತಪ್ಪು ಲೆಕ್ಕದ್ದೋ, ದರ್ಜೆದ್ದೋ, ತೋರಿಸೋದ್ರದ್ದೋ ಅಂತ ಹುಡುಕೋದ್ರಲ್ಲೇ ಸಂಜೆ ಆಗುತ್ತೆ.

ಅದೇ ಕಾರಣಕ್ಕೆ ಫಂಕ್ಷನ್ ಒಳಗೆ ಇನ್‌ಪುಟ್ ಹಾಕಿಸೋದನ್ನೂ ಆದಷ್ಟು ತಪ್ಪಿಸಿ. ಶೇಕಡಾ ಫಂಕ್ಷನ್ ತಾನೇ ಕೀಬೋರ್ಡಿಂದ ಅಂಕ ಕೇಳೋ ಹಾಗೆ ಬರೆದ್ರೆ ನೂರು ಜನರ ಅಂಕ ಒಂದು ಲಿಸ್ಟ್‌ನಲ್ಲಿ ಇದ್ದಾಗ ಅದು ಉಪಯೋಗಕ್ಕೆ ಬರಲ್ಲ. ಬೇಕಾದ್ದೆಲ್ಲ ಬ್ರಾಕೆಟ್ ಮೂಲಕ ಒಳಗೆ ಬರ್ಲಿ, ಉತ್ತರ ರಿಟರ್ನ್ ಮೂಲಕ ಹೊರಗೆ ಹೋಗ್ಲಿ.

ಇಷ್ಟು ಕೈಗೆ ಬಂದ ಮೇಲೆ ಕೊಡಬೇಕಾದ ಮುಂದಿನ ಕೆಲಸ, ಈ ಮೂರೂ ಫಂಕ್ಷನ್‌ಗಳನ್ನ ಒಂದು ಫೈಲಿನಲ್ಲಿ ಸೇವ್ ಮಾಡಿಸಿ, ಇನ್ನೊಂದು ಫೈಲಿಂದ ಇಂಪೋರ್ಟ್ ಮಾಡಿ ಬಳಸೋದು. ಇಷ್ಟು ದಿನ ಮ್ಯಾಥ್, ರಾಂಡಮ್ ಅಂತ ಬೇರೆಯವ್ರು ಬರೆದಿದ್ದನ್ನ ಇಂಪೋರ್ಟ್ ಮಾಡ್ತಿದ್ದೋರು ಮೊದಲ ಸಲ ತಾವೇ ಬರೆದಿದ್ದನ್ನ ಹಾಗೆ ಮಾಡ್ತಾರೆ. ಅಲ್ಲಿ ಒಂದು ಆಶ್ಚರ್ಯ ಕಾದಿರುತ್ತೆ, ಮೊದಲ ಫೈಲಿನ ಕೆಳಗೆ ಟ್ರೈ ಮಾಡೋಕೆ ಅಂತ ಬರೆದಿದ್ದ ಪ್ರಿಂಟ್(ಶೇಕಡಾ(562, 625)) ಸಾಲು ಇಂಪೋರ್ಟ್ ಮಾಡಿದ ಕೂಡಲೇ ಓಡಿ, ಕೇಳದೇ ಇದ್ದ 89.92 ಸ್ಕ್ರೀನ್ ಮೇಲೆ ಬರುತ್ತೆ. ಯಾಕೆ ಅಂತ ನೀವು ಹೇಳಬೇಡಿ, ಅವ್ರನ್ನೇ ಕೇಳಿ. ಇಂಪೋರ್ಟ್ ಅಂದ್ರೂ ಪೈಥಾನ್ ಆ ಫೈಲನ್ನ ಮೇಲಿಂದ ಕೆಳಕ್ಕೆ ಓಡಿಸಿಯೇ ತೀರಬೇಕು, ಡೆಫ್ ಕಂಡಲ್ಲಿ ಕಟ್ಟಿಡುತ್ತೆ, ಕರೆ ಕಂಡಲ್ಲಿ ಕರೆಯುತ್ತೆ. ಇದನ್ನ ಅವ್ರಾಗೇ ಹೇಳಿದ್ರೆ, ಟ್ರೈ ಮಾಡೋ ಸಾಲುಗಳನ್ನ ಮೇನ್ ಅನ್ನೋ ಒಂದು ಫಂಕ್ಷನ್ ಒಳಗೆ ಹಾಕಿ, ಈ ಫೈಲನ್ನೇ ನೇರವಾಗಿ ಓಡಿಸಿದಾಗ ಮಾತ್ರ ಅದನ್ನ ಕರೆಯೋ ಹಾಗೆ ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಇರೋ ನೇಮ್ ಅನ್ನೋ ವೇರಿಯಬಲ್ ನೋಡೋ ಇಫ್ ಸಾಲು, ಅಂದ್ರೆ if __name__ == "__main__": ಅನ್ನೋದನ್ನ, ಬರೆಯೋದನ್ನ ಹೇಳಿಕೊಡಿ.